ಕೊಡಚಾದ್ರಿಯ ತುದಿ ಬೋಳಲ್ಲ

ಕೊಡಚಾದ್ರಿಯ ರೀಲ್ ನೋಡದವರು ಕಡಿಮೆ. ಹಸಿರು ಹುಲ್ಲಿನ ಏಣು, ಕೆಳಗೆ ಮೋಡ, ಹಿಂದೊಂದು ಹಾಡು. ಅದರಡಿ ಒಂದು ಕಾಮೆಂಟ್ ಗ್ಯಾರಂಟಿ: ‘ಅಯ್ಯೋ, ಮರ ಎಲ್ಲ ಕಡಿದುಬಿಟ್ಟಿದಾರೆ!’ ನಮ್ಮ ಆಫೀಸಿನಲ್ಲೂ ಮೊನ್ನೆ ಒಬ್ಬರು, ‘ಈ ಸಲ ಟೀಮ್ ಟ್ರಿಪ್‌ಗೆ ಅಲ್ಲಿಗೇ ಹೋಗೋಣ, ನೂರು ಸಸಿ ನೆಟ್ಟು ಬರೋಣ’ ಅಂದರು. ಉದ್ದೇಶ ಒಳ್ಳೆಯದೇ. ಆದರೆ ಆ ಬೆಟ್ಟಕ್ಕೆ ಅದು ಬೇಕಾಗಿಲ್ಲ.

ಕೊಡಚಾದ್ರಿಯ ಎತ್ತರ 1,343 ಮೀಟರ್. ಪಶ್ಚಿಮಕ್ಕೆ ಕೊಲ್ಲೂರು, ಅದರಾಚೆ ಕರಾವಳಿ. ಪೂರ್ವಕ್ಕೆ ಲಿಂಗನಮಕ್ಕಿಯ ಹಿನ್ನೀರು. ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಮೋಡಕ್ಕೆ ಈ ಘಟ್ಟದ ಸಾಲು ಅಡ್ಡ ನಿಂತಿದೆ. ಮೋಡ ಮೇಲೇರಲೇಬೇಕು, ಏರಿದರೆ ತಣ್ಣಗಾಗಲೇಬೇಕು, ತಣ್ಣಗಾದರೆ ಮಳೆ ಸುರಿಸಲೇಬೇಕು.

ಬುಡದಲ್ಲಿ ಮಣ್ಣು ಆಳ. ಅಲ್ಲಿ ಧೂಪ, ಉಪ್ಪಾಗೆ, ಮುರುಗಲಿನಂಥ ಮರಗಳ ದಟ್ಟ ಕಾಡು. ಮೇಲೆ ಹೋದಂತೆ ಗಾಳಿ ಜೋರು, ಮಣ್ಣು ತೆಳು, ಕೆಳಗೆ ಬರೀ ಬಂಡೆ. ಬಯಲಾದ ಏಣಿನ ಮೇಲೆ ದೊಡ್ಡ ಮರ ಬೇರೂರುವುದು ಕಷ್ಟ, ಹುಲ್ಲಿಗೆ ಸಲೀಸು. ಮೇಯುವ ಪ್ರಾಣಿಗಳು, ಬೇಸಿಗೆಯ ಬೆಂಕಿ ಕೂಡ ಹುಲ್ಲಿನ ಪರವೇ. ಮಣ್ಣು, ನೀರು ಎರಡೂ ಬಂದು ಸೇರುವ ಕೊಳ್ಳಗಳಲ್ಲಿ ಮಾತ್ರ ಮರಗಳು ಒತ್ತೊತ್ತಾಗಿ ನಿಲ್ಲುತ್ತವೆ: ಕುಳ್ಳು ಮರ, ಕಾಂಡದ ತುಂಬ ಪಾಚಿ, ಕೊಂಬೆಗಳಲ್ಲಿ ಸೀತಾಳೆ. ಇದೇ ಶೋಲಾ ಕಾಡು. ಶೋಲಾ ಮತ್ತು ಹುಲ್ಲುಗಾವಲು ಒಂದೇ ವ್ಯವಸ್ಥೆಯ ಎರಡು ಭಾಗ.

ಹುಲ್ಲು ಅಂದರೆ ಬರೀ ಹುಲ್ಲೂ ಅಲ್ಲ. ಪಶ್ಚಿಮ ಘಟ್ಟದ ಇಂಥ ಜಾಗಗಳಲ್ಲಿ ಮಳೆಗಾಲಕ್ಕೆ ಕರ್ಣಕುಂಡಲ ಅರಳುತ್ತದೆ. ಮಣ್ಣಿನಲ್ಲಿ ಸಾರಜನಕ ಸಾಲದೆ ಕೀಟ ಹಿಡಿದು ತಿನ್ನುವ ಪುಟಾಣಿ ಗಿಡಗಳೂ ಇವೆ. ಹೆಸರಲ್ಲೇ ಗಿಡ ಇಟ್ಟುಕೊಂಡ ಬೆಟ್ಟ ಇದು: ‘ಕುಟಜಾದ್ರಿ’ಯೇ ಕೊಡಚಾದ್ರಿ ಆಯಿತು ಅನ್ನುತ್ತಾರೆ. ಕುಟಜ ಅಂದರೆ ನಮ್ಮ ಕೊಡಸಿಗೆ. ಬಿಳಿ ಹೂ ಬಿಡುವ ಮರ. ತೊಗಟೆ ಆಮಶಂಕೆಗೆ ಹಳೇ ಮದ್ದು, ಹೂವಿನಿಂದ ತಂಬುಳಿ.

ಇನ್ನು ನೀರಿನ ಮಾತು. ಸೌಪರ್ಣಿಕಾ ಹುಟ್ಟುವುದು ಈ ಬೆಟ್ಟದಲ್ಲೇ. ಕೊಲ್ಲೂರು ದಾಟಿ, ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಹರಿಯುವುದು ಇದೇ ನದಿ. ಇನ್ನೊಂದು ಪಕ್ಕ ಸಮುದ್ರ. ಸುರಿದ ಮಳೆಯನ್ನು ಹುಲ್ಲಿನ ಬೇರು, ಶೋಲಾದ ಕೊಳೆತ ಎಲೆ ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತವೆ. ಹುಲ್ಲು ಕಿತ್ತುಹೋದ ಕಡೆ ಮಳೆನೀರು ಮಣ್ಣು ಸಮೇತ ಇಳಿದುಬಿಡುತ್ತದೆ. ಆ ತೆಳು ಮಣ್ಣು ನಮ್ಮ ಕಾಲದಲ್ಲಿ ವಾಪಸ್ ಬರಲ್ಲ.

ನೀಲಗಿರಿಯಲ್ಲಿ ಬ್ರಿಟಿಷರ ಕಾಲದಿಂದಲೂ ಇಂಥ ಹುಲ್ಲುಗಾವಲನ್ನು ‘ಪಾಳು ಭೂಮಿ’ ಅಂತ ಎಣಿಸಿ ವಾಟಲ್, ನೀಲಗಿರಿ ಮರ ನೆಟ್ಟರು. ವಾಟಲ್ ತಾನಾಗೇ ಹಬ್ಬಿತು. ಈಗ ಅದನ್ನು ಕಿತ್ತು ಹುಲ್ಲು ಬೆಳೆಸುವ ಕೆಲಸ ನಡೆದಿದೆ. ನೆಡುವುದಕ್ಕಿಂತ ಕೀಳುವುದೇ ದುಬಾರಿ.

ಹಾಗಾಗಿ ಟೀಮಿಗೆ ನಾನು ಹೇಳಿದ್ದು ಇಷ್ಟು: ಹೋಗೋಣ, ಸಸಿ ಬೇಡ. ಸವೆದಿರೋ ಒಂದೇ ಕಾಲುದಾರೀಲಿ ಸಾಲಾಗಿ ನಡೆಯೋಣ. ಫೋಟೋಗೆ ಅಂತ ಏಣಿನ ಅಂಚಿಗೆ ಹೊಸ ದಾರಿ ಮಾಡೋದು ಬೇಡ. ಸಸಿ ನೆಡಲೇಬೇಕು ಅನ್ನಿಸಿದ್ರೆ ನಮ್ಮ ಆಫೀಸಿನ ಮುಂದಿನ ರಸ್ತೆ ಇದೆಯಲ್ಲ, ನೆರಳಿಲ್ಲದೆ ಒಣಗ್ತಾ ಇದೆ.