ತೊಟ್ಟಿಲಲ್ಲೇ ಸೊಂಟ ನೋಡಿದರೆ ನಡಿಗೆ ಉಳಿದೀತು

ಮಗು ಹುಟ್ಟಿದ ಸುದ್ದಿ ಕೇಳಿ ಬಂದವರು ಮೊದಲು ನೋಡುವುದು ಮುಖ. ಮೂಗು ಅಪ್ಪನದ್ದೋ ಅಮ್ಮನದ್ದೋ ಎಂಬ ಚರ್ಚೆ. ಆಮೇಲೆ ಬಣ್ಣ, ತೂಕ. ಸೊಂಟ ಸರಿ ಉಂಟಾ ಎಂದು ಕೇಳುವವರಿಲ್ಲ. ಸೊಂಟದ ಕೀಲು ಜಾರಿದ ಮಗು ಅದಕ್ಕಾಗಿ ಅಳುವುದಿಲ್ಲ, ಹಾಲು ಬಿಡುವುದಿಲ್ಲ, ಜ್ವರವೂ ಬರುವುದಿಲ್ಲ. ಮನೆಯವರಿಗೆ ಸಂಶಯ ಹುಟ್ಟುವುದು ಅದು ಎದ್ದು ನಡೆಯತೊಡಗಿದಾಗ. ಆಗಲೂ "ಸ್ವಲ್ಪ ವಾಲಿ ನಡೀತದೆ, ದೊಡ್ಡದಾದ ಮೇಲೆ ಸರಿಯಾಗ್ತದೆ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅದು ತಾನಾಗಿ ಸರಿಯಾಗುವ ಕಾಲ ಅಷ್ಟರಲ್ಲಿ ದಾಟಿರುತ್ತದೆ.

ತೊಡೆಯ ಮೂಳೆಯ ಮೇಲಿನ ತುದಿ ಚೆಂಡಿನಂತೆ ದುಂಡಗಿದೆ. ಅದು ಸೊಂಟದ ಮೂಳೆಯ ಬಟ್ಟಲಿನಂಥ ಗುಳಿಯಲ್ಲಿ ಕೂತಿರಬೇಕು. ಕೆಲವು ಶಿಶುಗಳಲ್ಲಿ ಬಟ್ಟಲು ಆಳವಿರುವುದಿಲ್ಲ, ಚೆಂಡು ಸಡಿಲವಾಗಿರುತ್ತದೆ ಅಥವಾ ಹೊರಗೆ ಜಾರಿರುತ್ತದೆ. ವೈದ್ಯರು ಇದನ್ನು ಡಿಡಿಎಚ್ ಎನ್ನುತ್ತಾರೆ. ಪೂರ್ತಿ ಜಾರಿರುವುದು ಸಾವಿರಕ್ಕೆ ಒಂದೆರಡು ಮಕ್ಕಳಲ್ಲಿ. ಹೆಣ್ಣುಮಕ್ಕಳಲ್ಲಿ, ಚೊಚ್ಚಲ ಮಕ್ಕಳಲ್ಲಿ, ಗರ್ಭದಲ್ಲಿ ತಲೆ ಮೇಲಾಗಿ ಕೂತಿದ್ದವರಲ್ಲಿ, ಮನೆತನದಲ್ಲಿ ಈ ತೊಂದರೆ ಇದ್ದವರಲ್ಲಿ ಹೆಚ್ಚು.

ಹುಟ್ಟಿದಾಗ ಸಡಿಲವಿದ್ದ ಅನೇಕ ಕೀಲುಗಳು ಕೆಲವು ವಾರಗಳಲ್ಲಿ ತಾವಾಗಿಯೇ ಬಿಗಿಯಾಗುತ್ತವೆ. ಹಾಗಾಗದ ಮಗುವನ್ನು ಆರು ತಿಂಗಳೊಳಗೆ ಪತ್ತೆಮಾಡಿದರೆ ಹೆಚ್ಚಿನವರಿಗೆ ಬೇಕಾಗುವುದು ಮೆದು ಪಟ್ಟಿಗಳ ಒಂದು ಕಟ್ಟು. ಚೆಕ್ ವೈದ್ಯ ಅರ್ನಾಲ್ಡ್ ಪಾವ್ಲಿಕ್ ರೂಪಿಸಿದ್ದು ಅದು. ಕಾಲುಗಳನ್ನು ಮಡಚಿ, ಅಗಲಿಸಿ ಹಿಡಿಯುತ್ತದೆ. ಕೆಲವು ವಾರ ಹಾಕಿಕೊಂಡರೆ ಚೆಂಡು ಬಟ್ಟಲಲ್ಲಿ ನೆಲೆಯಾಗುತ್ತದೆ. ಆರು ತಿಂಗಳು ದಾಟಿದರೆ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು ಕೀಲು ಕೂರಿಸಿ, ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕಬೇಕು. ಒಂದೂವರೆ ವರ್ಷ ಕಳೆದರೆ ಹೆಚ್ಚಾಗಿ ಶಸ್ತ್ರಚಿಕಿತ್ಸೆಯೇ. ಬಿಟ್ಟೇಬಿಟ್ಟರೆ ಜೀವನಪೂರ್ತಿ ಕುಂಟು, ನಡುಹರೆಯಕ್ಕೆ ಮೊದಲೇ ಸವೆದ ಕೀಲಿನ ನೋವು.

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಇದು ತಪ್ಪಿಹೋಗಲು ಇನ್ನೊಂದು ಕಾರಣವಿದೆ. ಮಂಜೇಶ್ವರ, ಪೈವಳಿಕೆ, ಬದಿಯಡ್ಕದ ಸೊಸೆಯಂದಿರು ಎಷ್ಟೋ ಮಂದಿ ಪುತ್ತೂರು, ಸುಳ್ಯ, ಬಂಟ್ವಾಳ ಕಡೆಯವರು. ಹೆರಿಗೆ, ಬಾಣಂತನ ತವರಿನಲ್ಲಿ. ಮೂರು ತಿಂಗಳಾದ ಮೇಲೆ ಮಗು ಗಡಿ ದಾಟಿ ಅಪ್ಪನ ಮನೆಗೆ ಬರುತ್ತದೆ. ಈ ಕಡೆಯ ಹೆಣ್ಣುಮಕ್ಕಳ ಕತೆ ಇದಕ್ಕೆ ತಿರುಗು ಮುರುಗು. ಆಚೆಯ ಆಶಾ ಕಾರ್ಯಕರ್ತೆಗೆ "ಮಗು ಗಂಡನ ಮನೆಗೆ ಹೋಯ್ತು", ಈಚೆಯವರಿಗೆ "ಅಲ್ಲಿಯೇ ಎಲ್ಲ ನೋಡಿದ್ದಾರಂತೆ". ಎರಡು ರಾಜ್ಯಗಳ ನಡುವೆ ಸೊಂಟ ನೋಡುವ ಕೆಲಸ ಬಿದ್ದುಹೋಗುತ್ತದೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದವರ ಪಾಡೇನಾಯಿತೆಂದು ಇಲ್ಲಿ ಯಾರೂ ಮರೆತಿಲ್ಲ. ದಾರಿ ತೆರೆಯಿತು. ಮಗುವಿನ ಕಾರ್ಡಿನಲ್ಲಿರುವ ಗಡಿ ಮಾತ್ರ ಹಾಗೇ ಉಂಟು.

ಮನೆಯಲ್ಲಿ ನೋಡಬಹುದಾದದ್ದೂ ಇದೆ. ಬಟ್ಟೆ ಬದಲಿಸುವಾಗ ಒಂದು ಕಾಲು ಇನ್ನೊಂದರಷ್ಟು ಅಗಲವಾಗದಿದ್ದರೆ, ಒಂದು ಕಾಲು ಗಿಡ್ಡ ಕಂಡರೆ, ತೊಡೆಯ ಮಡಿಕೆಗಳು ಎರಡೂ ಕಡೆ ಒಂದೇ ಸಮ ಇಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಎಣ್ಣೆ ಹಚ್ಚಿ ಮೀಯಿಸುವುದರಲ್ಲಿ ತಪ್ಪಿಲ್ಲ. "ಕಾಲು ಸೊಟ್ಟ ಆಗ್ತದೆ" ಎಂದು ಕಾಲುಗಳನ್ನು ಎಳೆದು ನೇರಮಾಡಿ, ಬಿಗಿಯಾಗಿ ಸುತ್ತಿ ಮಲಗಿಸುವುದನ್ನು ಬಿಡಬೇಕು. ಜಪಾನಿನಲ್ಲಿ 1975ರ ಹೊತ್ತಿಗೆ ಶಿಶುವಿನ ಕಾಲುಗಳನ್ನು ಹಾಗೆ ಕಟ್ಟಬೇಡಿ ಎಂಬ ಪ್ರಚಾರ ಶುರುವಾದ ಮೇಲೆ ಈ ತೊಂದರೆ ಬಹಳ ಇಳಿಯಿತು. ಕತ್ತು ನಿಂತ ಮಗುವನ್ನು ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುವ ನಮ್ಮ ಅಜ್ಜಿಯಂದಿರ ರೂಢಿ ಕೀಲಿಗೆ ಒಳ್ಳೆಯದೇ.

ಇನ್ನು ಹಣದ ಮಾತು. ಸಹಾಯಕ್ಕೆ ಈ ಊರುಗಳು ಹಿಂದೆ ಬಿದ್ದದ್ದಿಲ್ಲ. ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಚಿಕಿತ್ಸಾ ಸಹಾಯ ಸಮಿತಿ ಹುಟ್ಟುತ್ತದೆ, ಖಾಸಗಿ ಬಸ್ಸುಗಳು ಒಂದು ದಿನದ ಕಲೆಕ್ಷನ್ ಕೊಡುತ್ತವೆ, ಯಕ್ಷಗಾನ ಆಡಿಸಿ ಹಣ ಕೂಡಿಸುತ್ತಾರೆ. ಒಳ್ಳೆಯದೇ. ಆದರೆ ಇವೆಲ್ಲ ಶುರುವಾಗುವುದು ಆಪರೇಷನ್ನಿನ ಚೀಟಿ ಕೈಗೆ ಬಂದ ಮೇಲೆ. ಆ ಹಣದಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿಡಬೇಕು. ಸಂಶಯ ಬಂದ ಮಗುವಿನ ಸ್ಕ್ಯಾನಿಂಗ್, ಮಂಗಳೂರಿಗೋ ಕಣ್ಣೂರಿಗೋ ಹೋಗಿಬರುವ ಬಸ್ ಚಾರ್ಜು, ಆ ದಿನ ತಪ್ಪುವ ತಾಯಿ ತಂದೆಯ ಕೂಲಿ: ಇಷ್ಟು ಸಿಕ್ಕರೆ ಸಾಕು ಎಷ್ಟೋ ಬಡವರು ಬೇಗ ಹೋಗಿ ತೋರಿಸುತ್ತಾರೆ. "ಸಾವಿರಕ್ಕೆ ಒಂದೆರಡು ಮಕ್ಕಳಿಗಾಗಿ ನಿಧಿ ಯಾಕೆ?" ಎನ್ನುವವರಿದ್ದಾರೆ. ಆ ಒಂದು ಮಗುವಿಗಾಗಿ ಎರಡು ವರ್ಷದ ಮೇಲೆ ಲಕ್ಷದ ಲೆಕ್ಕದಲ್ಲಿ ರಶೀದಿ ಹರಿಯುವವರೂ ಇದೇ ಊರಿನವರು ಎಂಬುದನ್ನು ಅವರು ನೆನೆಯಬೇಕು.

ಸರಕಾರದ ಹೊಣೆಯೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜನ್ಮದೋಷಗಳ ಪಟ್ಟಿಯಲ್ಲಿ ಈ ಸೊಂಟದ ತೊಂದರೆ ಹೆಸರಿಸಿಯೇ ಇದೆ. ತಪಾಸಣೆ, ಚಿಕಿತ್ಸೆ ಎರಡೂ ಉಚಿತ ಎಂಬುದು ಅದರ ಮಾತು. ಹಾಗಿರುವಾಗ ಕನ್ನಡ ಮಾತಾಡುವ ತಾಯಿಗೆ ಅದು ಕನ್ನಡದಲ್ಲಿ ಗೊತ್ತಾಗಬೇಡವೇ? ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾನೂನೇ ಹೇಳುತ್ತದೆ. ಅಂಗನವಾಡಿಯ ಗೋಡೆಗೆ ಒಂದು ಕನ್ನಡ ಭಿತ್ತಿಪತ್ರ ಕೇಳುವುದು ಅತಿಯಾಸೆಯಲ್ಲ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದ ಕೆಲಸ ಸಣ್ಣದು. ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಇಂಜೆಕ್ಷನ್ನಿಗೆ ಮಗುವನ್ನು ಹೇಗೂ ಒಯ್ಯಬೇಕು, ಗಡಿಯ ಆ ಕಡೆ ಇರಲಿ, ಈ ಕಡೆ ಇರಲಿ. ಆಗ "ಡಾಕ್ಟ್ರೇ, ಸೊಂಟ ಒಮ್ಮೆ ನೋಡಿ, ನೋಡಿದ್ದನ್ನು ಕಾರ್ಡಿನಲ್ಲಿ ಬರೆಯಿರಿ" ಎಂದು ಕೇಳಬೇಕು. ನೋಡಲು ಐದು ನಿಮಿಷ ಸಾಕು.