ಇಂಟರ್‌ವ್ಯೂದಾಗ ಅಡ್ಡಹೆಸರು ಕೇಳಿದ್ರ ಏನ್ ಹೇಳೂದು?



ಕಳೆದ ರವಿವಾರ ಖಾನಾಪುರದಾಗ ನಮ್ಮ ಹುಡುಗ-ಹುಡುಗಿಯರನ್ನ ಕೂಡಿಸಿ ಇಂಟರ್‌ವ್ಯೂ ತಾಲೀಮು ಮಾಡಿದ್ವಿ. ನಾನು ಕಂಪನಿ ಸಾಹೇಬ, ಅವರು ಕೆಲಸ ಕೇಳಲು ಬಂದವರು. "ನಿಮ್ಮ ವೀಕ್‌ನೆಸ್ ಏನು?", "ನಿಮ್ಮನ್ನೇ ಯಾಕ ತಗೋಬೇಕು?" ಇವಕ್ಕೆಲ್ಲ ಯೂಟ್ಯೂಬ್ ನೋಡಿ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಬಿಕಾಂ ಮುಗಿಸಿದ ಒಬ್ಬ ಹುಡುಗಿ ಮಾತ್ರ ನನಗೇ ಪ್ರಶ್ನೆ ಹಾಕಿದಳು: "ಅಣ್ಣಾ, ಅವೆಲ್ಲ ಇರ್ಲಿ. ಅಡ್ಡಹೆಸರೇನು, ಊರಾಗ ನಿಮ್ಮ ಮನಿ ಯಾವ ಕಡೆ ಬರ್ತದ, ಅಪ್ಪ ಏನ್ ಮಾಡ್ತಾನ ಅಂತ ಕೇಳ್ತಾರಲ್ಲ, ಅದಕ್ಕೇನ್ ಹೇಳೂದು?"

ಬೆಳಗಾವಿಯ ಉದ್ಯಮಬಾಗದಾಗ ಒಂದು ಕಂಪನಿಗೆ ಅಕೌಂಟ್ಸ್ ಕೆಲಸಕ್ಕೆ ಹೋಗಿದ್ದಳಂತೆ. ಟ್ಯಾಲಿ ಬಗ್ಗೆ ಒಂದೇ ಪ್ರಶ್ನೆ, ಉಳಿದದ್ದೆಲ್ಲ ಮನೆತನದ ವಿಚಾರಣೆ. "ತಿಳಿಸ್ತೀವಿ" ಅಂದರು. ತಿಳಿಸಲಿಲ್ಲ.

ಇದು ಅವಳೊಬ್ಬಳ ಅನುಮಾನ ಅಲ್ಲ. ಸುಖದೇವ್ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ ಒಂದೇ ತರದ ಓದು, ಅನುಭವ ಬರೆದ ಅರ್ಜಿಗಳನ್ನ ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿ ನೋಡಿದರು. ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಕರೆ ಬಂದದ್ದು ಕಡಿಮೆ. 2007ರಲ್ಲಿ ಅದು ಪ್ರಕಟವಾಯಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನಕ್ಕೆ ಸುರಿಂದರ್ ಜೋಧ್ಕಾ, ಕ್ಯಾಥರೀನ್ ನ್ಯೂಮನ್ ನೇಮಕಾತಿ ಮಾಡೋ ಮ್ಯಾನೇಜರುಗಳನ್ನೇ ಮಾತಾಡಿಸಿದ್ದರು. ನಾವು ನೋಡೋದು ಮೆರಿಟ್ ಅಂದವರೇ, 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ಕೇಳ್ತೀವಿ ಅಂತನೂ ಅಂದರು. ಕೇಂದ್ರ ಸರ್ಕಾರ ಕೆಳಹಂತದ ಹುದ್ದೆಗಳಿಗೆ 2016ರ ಜನವರಿ 1ರಿಂದ ಇಂಟರ್‌ವ್ಯೂ ತೆಗೆದುಹಾಕಿತು, ಒಳ್ಳೇದಾತು. ಆದರೆ ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಗಷ್ಟೇ. ಉದ್ಯಮಬಾಗದ ಕೋಣೆಯೊಳಗೆ ಅದು ಬರೋದಿಲ್ಲ.

ನಮ್ಮ ಗೆಳೆಯರು ಕೆಲವರು ಹೇಳ್ತಾರೆ, ಎದೆ ತಟ್ಟಿ ಜಾತಿ ಹೇಳ್ರಿ, ಕೆಲಸ ಹೋದ್ರ ಹೋಗ್ಲಿ ಅಂತ. ತಿಂಗಳ ಕೊನೆಗೆ ಪಗಾರ ಎಣಿಸೋ ನನ್ನಂಥವರು ಈ ಮಾತು ಹೇಳೋದು ಸಸಾರ. ಇನ್ನು ಕೆಲವರು ಮುಚ್ಚಿಡ್ರಿ ಅಂತಾರೆ. ಮುಚ್ಚಿಟ್ಟವರಲ್ಲಿ ನಾನೂ ಒಬ್ಬ. ಬಿಎ ಮುಗಿಸಿ ಒಂದು ಖಾಸಗಿ ಆಫೀಸಿಗೆ ಹೋದಾಗ "ಅಪ್ಪ ಏನ್ ಮಾಡ್ತಾರ?" ಅಂದ್ರು. "ರೈತರು" ಅಂದೆ. ನಮಗೆ ಒಂದು ಗುಂಟೆನೂ ಇರಲಿಲ್ಲ, ಅಪ್ಪ ಕೂಲಿ. ಕೆಲಸ ಸಿಕ್ಕಿತು. ಮನೆಗೆ ಬಂದಾಗ ಅಪ್ಪ ಕೇಳಿದ, "ಏನೇನ್ ಕೇಳಿದ್ರೋ?" "ಏನಿಲ್ಲ, ಓದಿನ ಬಗ್ಗೆ ಕೇಳಿದ್ರು" ಅಂದೆ. ಅಪ್ಪ ಈಗಿಲ್ಲ.

ಹಂಗಾಗಿ ಆ ಹುಡುಗಿಗೆ ಸುಳ್ಳೂ ಬ್ಯಾಡ, ಭಾಷಣವೂ ಬ್ಯಾಡ ಅಂದೆ. ಅಡ್ಡಹೆಸರು ಸ್ಪಷ್ಟವಾಗಿ ಹೇಳು, ದನಿ ತಗ್ಗಿಸಬ್ಯಾಡ. ಮನಿ ಯಾವ ಕಡೆ ಅಂದ್ರ ಊರಿನ ಹೆಸರು ಹೇಳಿ, ಬೆಳಗಾವಿಗೆ ದಿನಾ ಬಸ್ಸಿಗೆ ಹೆಂಗ ಬರ್ತೀನಿ, ಎಷ್ಟೊತ್ತಿಗೆ ಮುಟ್ತೀನಿ ಅಂತ ಹೇಳು. ಕೆಲಸಕ್ಕೆ ಬೇಕಾದದ್ದು ಅಷ್ಟೇ.

ಅವಳ ಬಯೋಡೇಟಾದಾಗ ಎರಡು ವರ್ಷ ಖಾಲಿ ಇತ್ತು. ಏನ್ ಮಾಡ್ತಿದ್ದಿ ಅಂದ್ರ ತಲೆ ತಗ್ಗಿಸಿದಳು. ಇಟ್ಟಂಗಿ ಭಟ್ಟಿಗೆ ಹೋಗ್ತಿದ್ದಳು, ಅಪ್ಪ-ಅವ್ವನ ಜೊತೆ. ಅಲ್ಲಿ ಏನ್ ಕೆಲಸ? ಕೇಳಿ ಕೇಳಿ ಹೊರಗೆ ಬಂತು: ಸಾವಿರ ಇಟ್ಟಂಗಿಗೆ ಇಷ್ಟು ಅಂತ ಎಲ್ಲ ಜೋಡಿಗಳ ವಾರದ ಲೆಕ್ಕ, ಮುಂಗಡ ಮುರಿದುಕೊಂಡದ್ದು, ಬಾಕಿ, ಎಲ್ಲ ನೋಟ್‌ಬುಕ್ಕಿನಾಗ ಬರೀತಿದ್ದವಳು ಇವಳೇ. "ಅಯ್ಯೋ ಹುಚ್ಚಿ, ಅದಕ್ಕೇ ಅಕೌಂಟ್ಸ್ ಅಂತಾರ" ಅಂದೆ. ಎಲ್ಲರೂ ನಕ್ಕರು. ಈಗ "ಅಪ್ಪ ಏನ್ ಮಾಡ್ತಾರ?" ಅಂದ್ರ ಅವಳ ಉತ್ತರ ಇದು: "ಇಟ್ಟಂಗಿ ಭಟ್ಟಿಯಲ್ಲಿ ದುಡೀತಾರ್ರಿ. ಅಲ್ಲಿಯ ಪಗಾರ ಲೆಕ್ಕ ಎರಡು ವರ್ಷ ನಾನೇ ಬರೆದೀನಿ."

ಇಷ್ಟು ಹೇಳಿದರೂ ಕೆಲಸ ಕೊಡದಿರಬಹುದು. ಅದನ್ನೂ ಅವಳಿಗೆ ಹೇಳಿದೀನಿ. ಕೇಳಿದ ಪ್ರಶ್ನೆ, ತಾರೀಖು, ಕೇಳಿದವರ ಹುದ್ದೆ ಅವತ್ತೇ ಬರೆದಿಡು ಅಂದೀನಿ. ಹತ್ತು ಮಂದಿ ಬರೆದಿಟ್ಟರೆ ನಮ್ಮ ಕೈಯಾಗ ಒಂದು ಫೈಲ್ ಇರ್ತದ.

ಪಗಾರದ ಪ್ರಶ್ನೆಗೆ "ನೀವು ಕೊಟ್ಟಷ್ಟು ಕೊಡ್ರಿ ಸರ್" ಅನ್ನೋದು ನಮ್ಮ ಹುಡುಗರಿಗೆ ಬಿಡಿಸಲಾಗದ ಚಟ. ಅದಕ್ಕೇ ಒಂದು ಪೂರ್ತಿ ರವಿವಾರ ಬೇಕು. ಮುಂದಿನ ವಾರ ಖಾನಾಪುರದಾಗ ಮತ್ತೆ ಕೂಡ್ತೀವಿ. ಕಂಪನಿಗಳಾಗ ಎಚ್‌ಆರ್ ಕೆಲಸ ಮಾಡೋ ನಮ್ಮವರು ಯಾರಾದರೂ ಇದ್ದರೆ ದಯವಿಟ್ಟು ಬರ್ರಿ. ನಾನು ಸಾಹೇಬನಾಗಿ ಕೂತರೆ ಯಾರಿಗೂ ಅಂಜಿಕೆ ಬರೂದಿಲ್ಲ ಅಂತ ಹುಡುಗರ ತಕರಾರು.