ಬ್ರೆಡ್ಡಿನ ಎರೆ

ಬೇಸಿಗೆ ರಜ ಬಂತೆಂದರೆ ನಮ್ಮ ಅಂಕಣಕ್ಕೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಪ್ರಶ್ನೆಗಳೇ ಹೆಚ್ಚು. ಈ ಸಲ ಒಬ್ಬ ಸೋದರಿ ಬೇರೆಯದೇ ಕೇಳಿದ್ದಾರೆ. ಅವರ 12 ವರ್ಷದ ಮಗನಿಗೆ ಗಾಳ ಹಾಕುವ ಹುಚ್ಚು ಹಿಡಿದಿದೆ. ತೆಂಗಿನಬುಡ ಅಗೆದು ಎರೆಹುಳ ತಂದು, ಬಾಟಲಿಯಲ್ಲಿ ತುಂಬಿ, ಅಡಿಗೆಮನೆಯ ಗೂಡಿನಲ್ಲೇ ಇಡುತ್ತಾನಂತೆ! ಹುಳದ ಬದಲು ಉಳಿದ ಬ್ರೆಡ್ಡಿನಲ್ಲಿ ಏನಾದರೂ ಮಾಡಿಕೊಡಬಹುದೇ ಅಂತ ಕೇಳಿದ್ದಾರೆ.

ಧಾರಾಳವಾಗಿ ಮಾಡಬಹುದು. ಹಿಂದಿನ ದಿನದ ಬ್ರೆಡ್ಡು 4 ಹೋಳು ಸಾಕು. ಬೂಷ್ಟು ಹಿಡಿದಿದ್ದು ಬೇಡ. ಕಂದು ಅಂಚು ತೆಗೆದು, ನೀರಿನಲ್ಲಿ ಒಮ್ಮೆ ಅದ್ದಿ ತಕ್ಷಣ ಹಿಂಡಿಬಿಡಿ. ಅಂಗೈಯಲ್ಲಿ 5 ನಿಮಿಷ ಚೆನ್ನಾಗಿ ನಾದಿ. ಬ್ರೆಡ್ಡು ಆಗಲೇ ಬೆಂದ ಮೈದಾ ಅಲ್ಲವೇ, ನಾದಿದಷ್ಟೂ ಅಂಟು ಬರುತ್ತದೆ. ಸಡಿಲವಾಯಿತು ಅನ್ನಿಸಿದರೆ ಒಂದು ಚಮಚ ಕಡಲೆಹಿಟ್ಟು ಸೇರಿಸಿ. ಕೊನೆಗೆ ಚಿಟಿಕೆ ಇಂಗು, ಎರಡು ತೊಟ್ಟು ಕಡಲೆಕಾಯಿ ಎಣ್ಣೆ. ಗೆಂಡೆ ಜಾತಿಯ ಮೀನುಗಳು ವಾಸನೆ ಹಿಡಿದೇ ಆಹಾರ ಹುಡುಕುತ್ತವೆ, ಕೆಸರು ನೀರಿನಲ್ಲಿ ಕಣ್ಣು ಏನು ಕಂಡೀತು? ಆದ್ದರಿಂದಲೇ ನಾದುವ ಮುಂಚೆ ಕೈಯಲ್ಲಿ ಸೋಪಿನ ವಾಸನೆಯಾಗಲಿ ಸೀಮೆಎಣ್ಣೆ ವಾಸನೆಯಾಗಲಿ ಇರಬಾರದು.

ಹದ ನೋಡುವುದು ಹೀಗೆ: ಒಂದು ಉಂಡೆ ಮಾಡಿ ಲೋಟದ ನೀರಿಗೆ ಹಾಕಿ. ಹತ್ತು ನಿಮಿಷ ಕರಗದೆ ನಿಂತರೆ ಸರಿ. ಪಕ್ಕೆ ಮೀನಿನಂಥ ಸಣ್ಣ ಬಾಯಿಗೆ ಬಟಾಣಿ ಗಾತ್ರ, ದೊಡ್ಡ ಗೆಂಡೆಗೆ ನೆಲ್ಲಿಕಾಯಿ ಗಾತ್ರ. ಬಿಡಬಾರದು ಅಂತ ಕೆಲವರು ಹತ್ತಿಯ ಎಳೆ ಸೇರಿಸಿ ನಾದುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಮೀನು ತಪ್ಪಿಸಿಕೊಂಡರೂ ಹೊಟ್ಟೆಯಲ್ಲಿ ಹತ್ತಿ ಉಳಿಯುತ್ತದೆ. ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡಿ, ಒಣಗಿದರೆ ಗಾಳದಿಂದ ಉದುರುತ್ತದೆ.

ಬ್ರೆಡ್ಡು ತರದ ಮನೆಯವರು ಬೇಸರಪಡಬೇಕಿಲ್ಲ, ರಾಗಿ ಇದೆಯಲ್ಲ! ರಾಗಿಗೆ ಮೈದಾದ ಜಿಗುಟು ಇಲ್ಲ, ಹಸಿ ಹಿಟ್ಟು ಕಲಸಿದರೆ ನೀರಿಗೆ ಬಿದ್ದೊಡನೆ ಚೆದುರುತ್ತದೆ. ಮುದ್ದೆಗಿಂತ ಗಟ್ಟಿಯಾಗಿ ಬೇಯಿಸಿ ಬಿಸಿಯಲ್ಲೇ ತಿಕ್ಕಿ ನಾದಬೇಕು. ಕಾವೇರಿಯ ಭೀಮೇಶ್ವರಿಯಲ್ಲಿ ಗಾಳ ಹಾಕಲು ಹಡಗು, ವಿಮಾನ ಹತ್ತಿ ಬರುತ್ತಿದ್ದ ವಿದೇಶೀಯರೂ ಮಹಶೀರ್ ಮೀನಿಗೆ ಈ ರಾಗಿ ಉಂಡೆಯನ್ನೇ ಕಟ್ಟುತ್ತಿದ್ದರು. ಆ ಮೀನು ಎಷ್ಟು ದೊಡ್ಡದೆಂದರೆ, ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು (ಬೇಟೆಯ ಹುಲಿ ಚಿರತೆಗಳನ್ನು ಜೀವ ಬಂದಂತೆ ತುಂಬಿ ನಿಲ್ಲಿಸುತ್ತಿದ್ದವರು) 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು ತೂಗಿತ್ತು. ಒಂದು ಮೂಟೆ ಅಕ್ಕಿಗಿಂತ ಭಾರ! ಆದರೆ ಕಿತ್ತಳೆ ರೆಕ್ಕೆಯ, ಡುಬ್ಬ ಬೆನ್ನಿನ ಆ ಜಾತಿ ಈಗ ಅಳಿವಿನ ಅಂಚಿನಲ್ಲಿದೆ ಎಂದು 2018ರಲ್ಲಿ ಕೆಂಪು ಪಟ್ಟಿಗೆ ಸೇರಿತು. ಅಕಸ್ಮಾತ್ ಮರಿಯೊಂದು ಗಾಳಕ್ಕೆ ಸಿಕ್ಕಿದರೂ ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೆ ಬಿಡಲು ಮಕ್ಕಳಿಗೆ ಹೇಳಿಕೊಡಿ.

ಸೋದರಿಯ ಪ್ರಶ್ನೆ ಹುಳದ ಅಸಹ್ಯದ್ದು. ನನಗೆ ತೋಚುವುದು ಬೇರೆ. ಹುಳ ಅಗೆಯುವ ಹುಡುಗ ಯಾರನ್ನೂ ಕೇಳಬೇಕಿಲ್ಲ, ಹಿತ್ತಲಿನಿಂದ ಹಾಗೇ ಹೊರಟುಬಿಡುತ್ತಾನೆ. ಹಿಟ್ಟು ಬೇಕಾದ ಹುಡುಗ ಅಮ್ಮನ ಹತ್ತಿರ ಬರಲೇಬೇಕು. ಆಗ ಕೇಳಿ, ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು? ದೊಡ್ಡವರು ಜೊತೆಗಿಲ್ಲ ಎಂದರೆ ಹಿಟ್ಟೂ ಇಲ್ಲ. ಪ್ರತಿ ಬೇಸಿಗೆಯೂ ನಮ್ಮ ಕಡೆ ನಾಲೆಯಲ್ಲಿ, ಹೊಳೆಯಲ್ಲಿ ಮಕ್ಕಳು ಹೋದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಓದಿದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಾಲೆಯ ಸಿಮೆಂಟಿನ ದಡ ಇಳಿಜಾರು, ಮೇಲೆ ಪಾಚಿ. ಈಜು ಬಲ್ಲವನಿಗೂ ಹಿಡಿಯಲು ಏನೂ ಸಿಕ್ಕದು. ನಾಲೆಯ ಮಾತೇ ಬೇಡ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯಲ್ಲಿ ಮೊಸಳೆಗಳಿವೆ, ರಂಗನತಿಟ್ಟಿಗೆ ಹೋದವರೆಲ್ಲ ಬಂಡೆಯ ಮೇಲೆ ಮಲಗಿದ್ದನ್ನು ನೋಡಿಯೇ ಇರುತ್ತೀರಿ. ಕುಕ್ಕರಹಳ್ಳಿ, ಕಾರಂಜಿ ಹಕ್ಕಿಗಳ ಕೆರೆಗಳು, ಗಾಳ ಒಯ್ಯುವ ಜಾಗವಲ್ಲ. ಹಳ್ಳಿಯ ಕೆರೆಗಳಲ್ಲಿ ಎಷ್ಟೋ ಕಡೆ ಮೀನನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರರನ್ನು ಕೇಳಿಯೇ ಹಾಕಬೇಕು. ನೆಂಟರ ಜಮೀನಿನಲ್ಲಿ ಮೀನು ಬಿಟ್ಟ ಹೊಂಡವಿದ್ದರೆ ಅನುಕೂಲವೇ, ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡವಾದರೆ ಅದೂ ನಾಲೆಯಷ್ಟೇ ಜಾರುತ್ತದೆ, ಅಂಚಿಗೆ ಬಿಡಬೇಡಿ.

ಮಿಕ್ಕ ಹಿಟ್ಟನ್ನು ನೀರಿಗೆ ಸುರಿದು ಬರಬಾರದು, ಸಣ್ಣ ಹೊಂಡದ ನೀರು ಹುಳಿತು ಮೀನೇ ಸಾಯುತ್ತವೆ. ಮನೆಗೆ ತಂದರೆ ಕೋಳಿಗೆ ಹಾಕಿ. ಮರುದಿನಕ್ಕೆ ಇಡುವುದಾದರೆ ಫ್ರಿಜ್ಜಿನಲ್ಲಿ ಮುಚ್ಚಿಡಿ, ಡಬ್ಬಿಯ ಮೇಲೆ ಚೀಟಿ ಅಂಟಿಸಿ. ಇಲ್ಲದಿದ್ದರೆ ಬೆಳಿಗ್ಗೆ ಯಾರಾದರೂ ಚಪಾತಿ ಹಿಟ್ಟು ಅಂತ ಲಟ್ಟಿಸಿಬಿಟ್ಟಾರು!